ಚಿಕ್ಕವನ ಕಿವಿ, ದೊಡ್ಡವಳ ವಾಂತಿ, ಅತ್ತೆಯ ಬಿ.ಪಿ.: ವಂಡರ್‌ಲಾಗೆ ಹೋಗೋದಾ, ಬೇಡವಾ?

ಪ್ರಶ್ನೆ: ನಾವು ಸಕಲೇಶಪುರದವರು. ದಸರಾ ರಜೆಯಲ್ಲಿ ಬಿಡದಿಯ ರೈಡ್-ನೀರಾಟದ ಪಾರ್ಕ್ ವಂಡರ್‌ಲಾಗೆ ಕರೆದುಕೊಂಡು ಹೋಗುತ್ತೇವೆ ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದೇವೆ. ಮಗಳಿಗೆ 10 ವರ್ಷ, ಎತ್ತರ 137 ಸೆಂ.ಮೀ. ಕಾರು ಹತ್ತಿ ಅರ್ಧ ಗಂಟೆಗೆ ವಾಂತಿ ಶುರು. ಮಗನಿಗೆ ನಾಲ್ಕೂವರೆ ವರ್ಷ. ಜೂನ್‌ನಲ್ಲಿ ಅವನ ಬಲಗಿವಿ ಸೋರುತ್ತಿತ್ತು, ಔಷಧಿ ಹಾಕಿದ ಮೇಲೆ ನಿಂತಿದೆ. ಅತ್ತೆಗೆ 66 ವರ್ಷ, ಬಿ.ಪಿ. ಮಾತ್ರೆ ತಗೊಳ್ತಾರೆ. ತಾವೂ ಬರ್ತೀನಿ ಅಂತಾರೆ, ಆದರೆ ‘ಆ ನೀರಿಗೆ ಇಳಿಸಿದ್ರೆ ಮಗೂಗೆ ಶೀತ ಆಗಿ ನ್ಯುಮೋನಿಯಾ ಆಗುತ್ತೆ’ ಅಂತ ಹೆದರಿಸುತ್ತಾರೆ. ಯಜಮಾನರಿಗೆ ಒಂದೇ ದಿನ ರಜೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ರಾತ್ರಿಯೇ ವಾಪಸ್ ಬರೋಣ, ಮಗಳಿಗೆ ಎರಡು ವಾಂತಿ ಮಾತ್ರೆ ಕೊಟ್ಟರೆ ಮಲಗಿರ್ತಾಳೆ ಅನ್ನೋದು ಅವರ ಲೆಕ್ಕ. ನನ್ನ ತಮ್ಮ ‘ರೈಡ್‌ಗೆ ಎತ್ತರ ಕಮ್ಮಿ ಬಿದ್ರೆ ದಪ್ಪ ಸೋಲಿನ ಶೂ ಹಾಕ್ಸು’ ಅಂತಾನೆ. ನಾವು ಹೋಗಬಹುದಾ ಡಾಕ್ಟ್ರೇ?

ಉತ್ತರ: ಹೋಗಿ. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಹೊರಡಬೇಡಿ.

ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಕಿವಿಯೂ ಅಲ್ಲ, ವಾಂತಿಯೂ ಅಲ್ಲ, ಆ ‘ರಾತ್ರಿಯೇ ವಾಪಸ್’ ಅನ್ನೋ ಮಾತು. ಇಪ್ಪತ್ತು ವರ್ಷ ದಾಟಿತು ನಾನು ಮಕ್ಕಳ ಡಾಕ್ಟರ್ ಆಗಿ. ದಸರಾ ಮತ್ತು ಬೇಸಿಗೆ ರಜೆ ಮುಗಿದ ವಾರ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಇಂಥ ಪ್ರವಾಸದಿಂದ ಬಂದ ಮಕ್ಕಳು ಸಾಲಾಗಿ ಕೂತಿರುತ್ತಾರೆ. ಕಿವಿ ನೋವು, ವಾಂತಿ-ಭೇದಿ, ಜ್ವರ, ಒದ್ದೆ ನೆಲದಲ್ಲಿ ಜಾರಿ ಗದ್ದ ಸೀಳಿಕೊಂಡದ್ದು, ಇವೇ. ದೊಡ್ಡ ರೋಲರ್ ಕೋಸ್ಟರ್‌ನಿಂದ ಪೆಟ್ಟಾಗಿ ಬಂದ ಮಗುವನ್ನು ನಾನು ಇಲ್ಲಿಯವರೆಗೆ ನೋಡಿಲ್ಲ. ರಾತ್ರಿ ವಾಪಸ್ ಬರುವಾಗ ಕಾರು ಡಿವೈಡರ್‌ಗೆ ಹೊಡೆದು ಬಂದ ಮಕ್ಕಳನ್ನು ನೋಡಿದ್ದೇನೆ.

ಲೆಕ್ಕ ಹಾಕಿ ನೋಡಿ. ನಾಲ್ಕಕ್ಕೆ ಹೊರಡಬೇಕು ಅಂದರೆ ಮೂರಕ್ಕೆ ಏಳಬೇಕು. ಹಾಸನ, ಚನ್ನರಾಯಪಟ್ಟಣ, ಕುಣಿಗಲ್, ಮಾಗಡಿ ಮೇಲೆ ಬಿಡದಿಗೆ ನಾಲ್ಕು-ನಾಲ್ಕೂವರೆ ಗಂಟೆ. ಎಂಟೂವರೆಗೆ ಅಲ್ಲಿರುತ್ತೀರಿ. ಪಾರ್ಕ್ ತೆರೆಯೋದು ಹನ್ನೊಂದಕ್ಕೆ! ಎರಡೂವರೆ ಗಂಟೆ ತಟ್ಟೆ ಇಡ್ಲಿ ತಿಂತಾ ಕೂರ್ತೀರಾ? ಆಮೇಲೆ ದಿನವಿಡೀ ಬಿಸಿಲು, ನೀರು, ಕ್ಯೂ. ಸಂಜೆ ಆರೂವರೆಗೆ ಹೊರಟರೆ ಮನೆ ತಲುಪುವಾಗ ಹನ್ನೊಂದು. ಆ ಹೊತ್ತಿಗೆ ನಿಮ್ಮ ಯಜಮಾನರು ಎದ್ದು ಇಪ್ಪತ್ತು ಗಂಟೆ ಆಗಿರುತ್ತೆ. ಹಿಂದಿನ ಸೀಟಿನಲ್ಲಿ ಎಲ್ಲರೂ ನಿದ್ದೆ ಮಾಡುತ್ತಿರುತ್ತಾರೆ, ಮಾತಾಡಿಸಿ ಎಚ್ಚರ ಇಡುವವರು ಯಾರೂ ಇಲ್ಲ. ಇಡೀ ಪ್ರವಾಸದಲ್ಲಿ ನನಗೆ ನಿಜವಾಗಿ ಭಯ ಇರುವ ರೈಡ್ ಅಂದರೆ ಇದೇ.

ಇನ್ನು ಮಗಳ ವಾಂತಿ. ಇದು ಹೊಟ್ಟೆಯ ರೋಗ ಅಲ್ಲ. ಒಳಕಿವಿಯಲ್ಲಿ ಚಲನೆ ಗುರುತಿಸುವ ಪುಟ್ಟ ಅಂಗ ಇದೆ. ಕಾರು ತಿರುವಿನಲ್ಲಿ ಓಲಾಡಿದಾಗ ಅದು ‘ಓಡ್ತಾ ಇದ್ದೀವಿ’ ಅನ್ನುತ್ತೆ. ಮೊಬೈಲ್ ನೋಡುತ್ತಿರುವ ಕಣ್ಣು ‘ಸುಮ್ನೆ ಕೂತಿದ್ದೀವಿ’ ಅನ್ನುತ್ತೆ. ಈ ಜಗಳ ತೀರದೆ ಹೊಟ್ಟೆ ತೊಳಸುತ್ತೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಅಪರೂಪ. ಒಂಬತ್ತು-ಹತ್ತು ವರ್ಷದ ಹೊತ್ತಿಗೆ ಜೋರಾಗಿರುತ್ತೆ, ಆಮೇಲೆ ಬಹಳ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತಾ ಬರುತ್ತೆ. ನಿಮ್ಮ ಮಗಳು ಸರಿಯಾಗಿ ಆ ವಯಸ್ಸಿನಲ್ಲೇ ಇದ್ದಾಳೆ.

ಹಳೇ ಪೇಪರ್ ಮೇಲೆ ಕೂರಿಸಿದರೆ ವಾಂತಿ ಬರಲ್ಲ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ ಅಲ್ವಾ? ಅದರಿಂದ ಏನೂ ಆಗಲ್ಲ. ವಾಂತಿ ಬಂದ ಮೇಲೆ ಒರೆಸೋಕೆ ಆ ಪೇಪರ್ ಉಪಯೋಗಕ್ಕೆ ಬರುತ್ತೆ, ಅಷ್ಟೇ. ನಿಂಬೆಹಣ್ಣು ಮೂಸುವುದರಿಂದ ಕೆಲವರಿಗೆ ಹಾಯೆನಿಸುತ್ತೆ, ಬೇಕಿದ್ದರೆ ಒಂದು ಇಟ್ಟುಕೊಳ್ಳಿ. ನಿಜವಾಗಿ ಕೆಲಸ ಮಾಡೋದು ಕಣ್ಣಿಗೂ ರಸ್ತೆ ಕಾಣುವಂತೆ ಮಾಡುವುದು. ಹಿಂದಿನ ಸೀಟಿನ ಮಧ್ಯದಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಮುಂದಿನ ಗಾಜಿನಲ್ಲಿ ದೂರದ ರಸ್ತೆ ನೋಡಲು ಹೇಳಿ. ಮೊಬೈಲ್, ಪುಸ್ತಕ ಎರಡೂ ಬೇಡ. ಖಾಲಿ ಹೊಟ್ಟೆಯೂ ಕೆಟ್ಟದ್ದು, ಪೂರಿ-ಸಾಗು ತುಂಬಿದ ಹೊಟ್ಟೆಯೂ ಕೆಟ್ಟದ್ದು. ಎರಡು ಇಡ್ಲಿ ಸಾಕು. ಸಕಲೇಶಪುರದ ಎಸ್ಟೇಟ್ ರಸ್ತೆಗಳ ತಿರುವು ಮುಗಿಯುವವರೆಗೂ ಸ್ವಲ್ಪ ಕಿಟಕಿ ತೆಗೆದಿಡಿ.

ಮಾತ್ರೆಯ ವಿಷಯ. ನಮ್ಮ ಮೆಡಿಕಲ್ ಸ್ಟೋರ್‌ಗಳಲ್ಲಿ ‘ಬಸ್ಸಿನ ವಾಂತಿ ಮಾತ್ರೆ’ ಅಂದರೆ ಸಾಮಾನ್ಯವಾಗಿ ಕೊಡೋದು ಪ್ರೊಮೆಥಜೀನ್. ಅವೊಮಿನ್ ಆ ಜಾತಿಯದು. ಕೆಲಸ ಮಾಡುತ್ತೆ, ಆದರೆ ಹೊರಡುವ ಒಂದೆರಡು ಗಂಟೆ ಮೊದಲೇ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೂ ವಾಂತಿಯ ಜೊತೆಗೇ ಆಚೆ ಬರುತ್ತೆ. ‘ಎರಡು ಕೊಟ್ಟು ಮಲಗಿಸೋದು’ ಮಾತ್ರ ಖಂಡಿತ ಬೇಡ. ಮಗುವಿಗೆ ಎಷ್ಟು ಅನ್ನೋದನ್ನು ನಿಮ್ಮ ಡಾಕ್ಟರ್ ತೂಕ, ವಯಸ್ಸು ನೋಡಿ ಬರೆದುಕೊಡಲಿ. ಈ ಮಾತ್ರೆಯ ಮಂಪರು ಗಂಟೆಗಟ್ಟಲೆ ಇರುತ್ತೆ. ಬೆಳಿಗ್ಗೆ ಎರಡು ಮಾತ್ರೆ ನುಂಗಿದ ಹುಡುಗಿಯನ್ನು ಮಧ್ಯಾಹ್ನ ವೇವ್ ಪೂಲ್‌ಗೆ ಇಳಿಸುವುದನ್ನು ಯೋಚಿಸಿ ನೋಡಿ. ಎರಡು ವರ್ಷದೊಳಗಿನ ಮಕ್ಕಳಿಗಂತೂ ಪ್ರೊಮೆಥಜೀನ್ ಕೊಡಲೇಬಾರದು, ಉಸಿರಾಟಕ್ಕೇ ತೊಂದರೆ ಆಗಬಹುದು. ಇನ್ನು ಜ್ವರ-ಭೇದಿ ಬಂದಾಗ ಮಕ್ಕಳಿಗೆ ಬರೆಯುವ ಒಂಡಾನ್ಸೆಟ್ರಾನ್ ಸಿರಪ್ ಮನೆಯಲ್ಲಿ ಉಳಿದಿದೆ ಅಂತ ಕೆಲವರು ಅದನ್ನೇ ಕೊಡುತ್ತಾರೆ. ಪ್ರಯಾಣದ ವಾಂತಿಗೆ ಅದು ಅಷ್ಟಾಗಿ ಕೆಲಸ ಮಾಡಲ್ಲ. ಅಂದ ಹಾಗೆ, ಕಾರಿನಲ್ಲಿ ವಾಂತಿ ಮಾಡುವ ಮಗುವಿಗೆ ಗರಗರ ತಿರುಗುವ ರೈಡ್‌ನಲ್ಲೂ ಅದೇ ಕಥೆ. ಊಟ ಆದ ತಕ್ಷಣ ಅವುಗಳ ಕಡೆ ಹೋಗಬೇಡಿ.

ಈಗ ಅತ್ತೆಯವರ ನ್ಯುಮೋನಿಯಾ. ಅವರು ಹೇಳೋದು ಪೂರ್ತಿ ಸುಳ್ಳು ಅಂತ ತಳ್ಳಿಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತ ಚಿಕ್ಕ ಮಗು ದೊಡ್ಡವರಿಗಿಂತ ಬೇಗ ಥಂಡಿ ಹಿಡಿದು ನಡುಗುತ್ತೆ. ತುಟಿ ನೀಲಿ ಆಗ್ತಾ ಇದ್ದರೆ, ಹಲ್ಲು ಕಟಕಟ ಅಂದರೆ, ‘ಇನ್ನೊಂದ್ಸಲ’ ಅಂತ ಎಷ್ಟೇ ಅತ್ತರೂ ಎತ್ತಿಕೊಂಡು ಬಂದು ಒರೆಸಿ, ಒಣ ಬಟ್ಟೆ ಹಾಕಿ. ಆದರೆ ನೆಗಡಿ ಬರುವುದು ವೈರಸ್‌ನಿಂದ, ನ್ಯುಮೋನಿಯಾ ಬರುವುದೂ ವೈರಸ್ ಅಥವಾ ಬ್ಯಾಕ್ಟೀರಿಯಾದಿಂದ. ನೀರು ಎಷ್ಟೇ ತಣ್ಣಗಿದ್ದರೂ ಅದು ರೋಗಾಣು ಅಲ್ಲ. ಪ್ರವಾಸ ಮುಗಿಸಿ ಎರಡು-ಮೂರು ದಿನಕ್ಕೆ ಮೂಗು ಸೋರಿದರೆ, ಅದು ಕ್ಯೂನಲ್ಲಿ ಹಿಂದೆ ನಿಂತು ಕೆಮ್ಮಿದವರದ್ದೋ, ನೂರು ಕೈ ಮುಟ್ಟಿದ ಕಂಬಿಯದ್ದೋ ಕೊಡುಗೆ. ಅದಕ್ಕೇ ತಿನ್ನುವ ಮೊದಲು ಸೋಪಿನಲ್ಲಿ ಕೈ ತೊಳೆಸುವುದು ಮಫ್ಲರ್‌ಗಿಂತ ದೊಡ್ಡ ರಕ್ಷಣೆ. ಮಗನಿಗೆ ವೀಸಿಂಗ್, ಅಂದರೆ ಉಬ್ಬಸ, ಇದ್ದರೆ ಮಾತ್ರ ಲೆಕ್ಕ ಬೇರೆ. ಥಂಡಿಗೂ ಕ್ಲೋರಿನ್ ಘಾಟಿಗೂ ಅಂಥ ಮಕ್ಕಳ ಎದೆ ಬಿಗಿಯಬಹುದು. ಇನ್ಹೇಲರ್ ಅನ್ನು ಕಾರಿನಲ್ಲಿ ಬಿಡದೆ ಜೊತೆಗೇ ಇಟ್ಟುಕೊಳ್ಳಿ.

ಕ್ಲೋರಿನ್ ಬಗ್ಗೆ ಒಂದು ಮಾತು, ಇದು ಕೇಳಿದವರೆಲ್ಲ ಮುಖ ಹಿಂಡುತ್ತಾರೆ. ಈಜುಕೊಳದಲ್ಲಿ ಕಣ್ಣು ಕೆಂಪಾದರೆ ‘ಕ್ಲೋರಿನ್ ಜಾಸ್ತಿ ಹಾಕಿದ್ದಾರೆ’ ಅಂತ ಬೈತೀವಿ. ಬಹಳ ಸಲ ಅದು ಕ್ಲೋರಿನ್ ಜನರ ಬೆವರು, ಉಚ್ಚೆಯ ಜೊತೆ ಸೇರಿ ಆಗುವ ಕ್ಲೋರಮೈನ್ ಅನ್ನುವ ವಸ್ತುವಿನ ಉರಿ. ಘಾಟು ವಾಸನೆಯೂ ಅದರದ್ದೇ. ಹಾಗಾಗಿ ಇಳಿಯುವ ಮೊದಲು ಮಕ್ಕಳನ್ನು ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ, ಷವರ್ ಕೆಳಗೆ ನಿಲ್ಲಿಸಿ. ಕ್ಲೋರಿನ್ ಬಹುತೇಕ ರೋಗಾಣುಗಳನ್ನು ನಿಮಿಷಗಳಲ್ಲಿ ಕೊಲ್ಲುತ್ತೆ. ಆದರೆ ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಚೆನ್ನಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ದಿನಗಟ್ಟಲೆ ಬದುಕಿರುತ್ತೆ. ಆ ನೀರು ಬಾಯಿಗೆ ಹೋಗಬಾರದು. ಹೊರಡುವ ವಾರದಲ್ಲಿ ನಿಮ್ಮ ಮಕ್ಕಳಲ್ಲಿ ಯಾರಿಗಾದರೂ ಭೇದಿ ಆದರೆ ನೀರಿನ ಆಟ ಬಿಟ್ಟುಬಿಡಿ. ಬೇರೆ ಮಕ್ಕಳ ಹೊಟ್ಟೆಯ ಬಗ್ಗೆಯೂ ಯೋಚಿಸಬೇಕಲ್ಲ.

ಮಗನ ಕಿವಿಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗುತ್ತೆ. ‘ಸೋರುವುದು ನಿಂತಿದೆ’ ಅಂದರೆ ‘ಕಿವಿ ತಮಟೆಯ (ಕಿವಿಯೊಳಗಿನ ತೆಳು ಪೊರೆಯ) ತೂತು ಮುಚ್ಚಿದೆ’ ಅಂತ ಅರ್ಥ ಅಲ್ಲ.

ನೆಗಡಿ ಆದಾಗ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಕೊಳವೆಯ ಮೂಲಕ ಸೋಂಕು ನಡುಕಿವಿಗೆ ಏರುತ್ತೆ. ಒಳಗೆ ಕೀವು ತುಂಬಿ, ಒತ್ತಡಕ್ಕೆ ಕಿವಿ ತಮಟೆ ಒಡೆದು ಹೊರಗೆ ಸೋರುತ್ತೆ. ಬಹಳ ಮಕ್ಕಳಲ್ಲಿ ಆ ತೂತು ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತೆ. ಕೆಲವರಲ್ಲಿ ಒಣಗಿ ಹಾಗೇ ಉಳಿಯುತ್ತೆ. ನೋವಿಲ್ಲ, ಸೋರಲ್ಲ, ಮನೆಯವರಿಗೆ ಗೊತ್ತೇ ಆಗಲ್ಲ. ತಮಟೆ ಗಟ್ಟಿಯಿದ್ದರೆ ಈಜುಕೊಳದ ನೀರು ನಡುಕಿವಿಗೆ ಹೋಗಲು ದಾರಿಯೇ ಇಲ್ಲ, ಎಷ್ಟು ಬೇಕಾದರೂ ಮುಳುಗಲಿ. ತೂತಿದ್ದರೆ ನೀರು ನೇರ ಒಳಗೆ, ಮತ್ತೆ ಸೋರುವಿಕೆ ಶುರು. ಇದು ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ತಿಳಿಯಲ್ಲ. ಓಟೋಸ್ಕೋಪ್ ಇಟ್ಟು ನೋಡಬೇಕು, ಎರಡು ನಿಮಿಷದ ಕೆಲಸ. ಆನ್‌ಲೈನ್‌ನಲ್ಲಿ ಟಿಕೆಟ್ ತಗೊಳ್ಳುವ ಮೊದಲೇ ತೋರಿಸಿ.

ಮುಚ್ಚಿದೆ ಅಂದರೆ ಆಡಲಿ. ತೂತಿದೆ ಅಂದರೆ ಪ್ರವಾಸ ರದ್ದು ಮಾಡಬೇಕಿಲ್ಲ, ತಲೆ ಮುಳುಗುವ ಆಟಗಳು ಮಾತ್ರ ಇಲ್ಲ. ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಬಾಯಿಗೆ ಇಟ್ಟು, ಮಕ್ಕಳ ಪೂಲ್‌ನಲ್ಲಿ ಕಾಲು ಆಡಿಸಿಕೊಂಡಿರಬಹುದು. ಹತ್ತಿ ಎರಚುವ ನೀರನ್ನು ತಡೆಯುತ್ತೆ, ಮುಳುಗಿದರೆ ತಡೆಯಲ್ಲ. ಅಜ್ಜಿ ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿಟ್ಟಿದ್ದರೆ ದಯವಿಟ್ಟು ಅದು ಒಗ್ಗರಣೆಗೇ ಹೋಗಲಿ. ನೀರಾಟ ಮುಗಿದ ಮೇಲೆ ಬಡ್ಸ್ ಹಾಕಿ ಕಿವಿ ಕೆದಕಬೇಡಿ. ತಲೆ ಓರೆ ಮಾಡಿಸಿ, ಟವೆಲಿನ ತುದಿಯಿಂದ ಹೊರಗಷ್ಟೇ ಒರೆಸಿ. ಒಂದೆರಡು ದಿನದ ಮೇಲೆ ಕಿವಿಯ ಹಾಲೆ ಎಳೆದರೆ ಚೀರುವಷ್ಟು ನೋವಿದ್ದರೆ ಅದು ಹೊರಕಿವಿಯ ಸೋಂಕು. ಡ್ರಾಪ್ಸ್ ಬೇಕಾಗುತ್ತೆ, ಬನ್ನಿ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ಇದೆ. ಕೇಳದಿದ್ದರೂ ಹೇಳುತ್ತೇನೆ.

ನನ್ನ ಮಗ ಐದು ವರ್ಷದವನಿದ್ದಾಗ ಒಂದು ವಾಟರ್ ಪಾರ್ಕ್‌ಗೆ ಹೋಗಿದ್ದೆವು. ಮಕ್ಕಳ ಪೂಲ್, ನನ್ನ ಮೊಣಕಾಲಿನಷ್ಟು ನೀರು. ನಾನು ಅಂಚಿನಲ್ಲಿ ನಿಂತು ಫೋನಿನಲ್ಲಿ ಒಬ್ಬರ ಮಗುವಿನ ಜ್ವರಕ್ಕೆ ಡೋಸ್ ಹೇಳುತ್ತಿದ್ದೆ. ತಿರುಗಿ ನೋಡಿದರೆ ಅವನ ಬೆನ್ನು ಕಾಣುತ್ತಿತ್ತು, ಕೂದಲು ನೀರಿನ ಮೇಲೆ ಹರಡಿಕೊಂಡು ತೇಲುತ್ತಿತ್ತು. ಆಟ ಆಡ್ತಿದ್ದಾನೆ ಅಂದುಕೊಂಡೆ. ಪಕ್ಕದಲ್ಲಿದ್ದ ಒಬ್ಬ ತಾಯಿ ತಮ್ಮ ಮಗುವನ್ನು ಬಿಟ್ಟು ಬಂದು ಅವನನ್ನು ಕಂಕುಳಿಗೆ ಕೈ ಹಾಕಿ ಎತ್ತಿದರು. ಕೆಮ್ಮಿದ, ಅತ್ತ, ಅಷ್ಟೇ. ಸುತ್ತ ಐವತ್ತು ಜನ ಇದ್ದರು, ಒಂದು ಚೀರು ಇರಲಿಲ್ಲ, ಕೈ ಬೀಸುವುದು ಇರಲಿಲ್ಲ. ಹತ್ತು ಸೆಕೆಂಡ್ ಇರಬಹುದು. ಆ ಫೋನ್ ಕಾಲ್ ಇನ್ನೂ ಕಟ್ ಆಗಿರಲಿಲ್ಲ.

ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗಲ್ಲ. ಉಸಿರಿಗೇ ಪರದಾಡುವಾಗ ಕೂಗಲು ಗಾಳಿ ಎಲ್ಲಿಂದ ಬರಬೇಕು? ಅದಕ್ಕೇ ನಾಲ್ಕೂವರೆ ವರ್ಷದವನು ನೀರಿನಲ್ಲಿದ್ದಾಗ ಒಬ್ಬ ದೊಡ್ಡವರು ಕೈಗೆಟುಕುವ ದೂರದಲ್ಲಿ, ನೀರಿನ ಒಳಗೇ ಇರಬೇಕು. ಅಂಚಿನ ಮೇಲೆ ಅಲ್ಲ. ಲೈಫ್‌ಗಾರ್ಡ್ ಇರುತ್ತಾರೆ, ನಿಜ, ಆದರೆ ಅವರು ನೂರಾರು ತಲೆ ನೋಡಬೇಕು. ನೀವಿಬ್ಬರೂ ಪಾಳಿ ಹಾಕಿಕೊಳ್ಳಿ: ‘ಈಗ ನಂದು’ ಅಂತ ಬಾಯಿಬಿಟ್ಟು ಹೇಳಿ ವಹಿಸಿಕೊಳ್ಳಿ. ಇಬ್ಬರೂ ನೋಡ್ತಿದ್ದೀವಿ ಅಂದುಕೊಂಡಾಗ ಯಾರೂ ನೋಡ್ತಿರಲ್ಲ. ಗಾಳಿ ತುಂಬುವ ತೋಳಿನ ಬ್ಯಾಂಡ್ ಆಟದ ಸಾಮಾನು, ಅದನ್ನು ನಂಬಬೇಡಿ. ಪಾರ್ಕ್‌ನವರು ಕೊಡುವ ಲೈಫ್ ಜಾಕೆಟ್ ಸರಿ. ಈಜುಡುಗೆ ಕೊಳ್ಳುವಾಗ ಎದ್ದು ಕಾಣುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ್ದು ತಗೊಳ್ಳಿ. ತಿಳಿನೀಲಿ, ಬಿಳಿ ಬಟ್ಟೆ ನೀರಿನಡಿಗೆ ಕಾಣುವುದೇ ಇಲ್ಲ. ಕಾಟನ್ ಬಟ್ಟೆಗೆ ಅಲ್ಲಿ ಬಿಡಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು. ಮಗಳ ಉದ್ದ ಜಡೆಯನ್ನು ಎತ್ತಿ ಗಂಟು ಕಟ್ಟಿ. ತಿರುಗುವ ಯಂತ್ರ ಇರುವ ಕಡೆ ಬಿಚ್ಚಿದ ಕೂದಲು, ದುಪಟ್ಟಾ ಎರಡೂ ಅಪಾಯ.

ವಾಟ್ಸ್ಆಪ್‌ನಲ್ಲಿ ‘ಡ್ರೈ ಡ್ರೌನಿಂಗ್’ ಅಂತ ಬರುತ್ತಲ್ಲ, ಚೆನ್ನಾಗಿ ಆಡಿಕೊಂಡಿದ್ದ ಮಗು ಒಂದು ವಾರದ ಮೇಲೆ ಇದ್ದಕ್ಕಿದ್ದಂತೆ ಹೋಯಿತು ಅಂತ, ಹಾಗೆ ಆಗಲ್ಲ. ನೀರು ಕುಡಿದು ಒದ್ದಾಡಿದ ಮಗುವಿಗೆ ತೊಂದರೆ ಆಗುವುದಿದ್ದರೆ ಕೆಲವೇ ಗಂಟೆಗಳಲ್ಲಿ ಗೊತ್ತಾಗುತ್ತೆ: ನಿಲ್ಲದ ಕೆಮ್ಮು, ವೇಗದ ಉಸಿರು, ಅತಿಯಾದ ಮಂಪರು. ಹಾಗಿದ್ದರೆ ನೇರ ಆಸ್ಪತ್ರೆಗೆ ಹೋಗಿ.

ದಪ್ಪ ಸೋಲಿನ ಶೂ ಬಗ್ಗೆ. ನಿಮ್ಮ ತಮ್ಮನಿಗೆ ಹೇಳಿ, ಎತ್ತರದ ನಿಯಮ ಧೈರ್ಯದ ಪರೀಕ್ಷೆ ಅಲ್ಲ. ಸೀಟಿನ ಬಾರ್ ಮತ್ತು ಬೆಲ್ಟ್ ಒಂದು ಅಳತೆಯ ಮೈಗೆ ಅಂತ ಮಾಡಿದ್ದು. ಚಿಕ್ಕ ಮೈ ಅದರ ಕೆಳಗಿಂದ ಜಾರಬಹುದು. ಶೂ ಕಾಲನ್ನು ಉದ್ದ ಮಾಡುತ್ತೆ, ತೊಡೆಯ ಮೇಲೆ ಬಾರ್ ಕೂರುವ ಜಾಗ ಅಲ್ಲೇ ಇರುತ್ತೆ. ಪಾರ್ಕ್‌ನಲ್ಲಿ 85 ಸೆಂ.ಮೀ. ಒಳಗಿನವರಿಗೆ ಟಿಕೆಟ್ ಬೇಕಿಲ್ಲ, 85ರಿಂದ 140ರವರೆಗೆ ಮಕ್ಕಳ ಟಿಕೆಟ್. ಒಳಗೆ ಪ್ರತಿ ರೈಡ್‌ಗೂ ಅದರದೇ ಅಳತೆಯ ಬೋರ್ಡ್ ಇದೆ. ನಿಮ್ಮ ಮಗಳಿಗೆ ಕೆಲವು ದೊಡ್ಡ ರೈಡ್ ಸಿಗದೇ ಹೋಗಬಹುದು. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು, ಯಾವುದು ಸಿಗುತ್ತೆ, ಯಾವುದು ಇಲ್ಲ ಅಂತ ಮೊದಲೇ ಹೇಳಿಬಿಡಿ. ಮುಕ್ಕಾಲು ಗಂಟೆ ಕ್ಯೂ ನಿಂತು ವಾಪಸ್ ಬರುವ ಅಳು ತಪ್ಪುತ್ತೆ. ಹಾಗೆಯೇ ಅಳತೆ ಸರಿ ಇದ್ದು ಅವಳೇ ‘ಬೇಡ, ಭಯ’ ಅಂದರೆ ಒತ್ತಾಯ ಮಾಡಬೇಡಿ. ಅಪ್ಪಂದಿರು ಇಲ್ಲೇ ತಪ್ಪು ಮಾಡೋದು.

ಅತ್ತೆಯವರು ಬರಲಿ. ಬಿ.ಪಿ. ಹಿಡಿತದಲ್ಲಿದ್ದರೆ ಓಡಾಡಲು, ಶೋ ನೋಡಲು ಏನೂ ತೊಂದರೆ ಇಲ್ಲ. ಬೆಳಗಿನ ಮಾತ್ರೆ ತಪ್ಪಿಸಬಾರದು, ನೀರು ಕುಡಿಯುತ್ತಿರಬೇಕು. ಜೋರು ರೈಡ್‌ಗಳು ಬೇಡ. ಅವರ ವಯಸ್ಸಿಗೆ ದೊಡ್ಡ ಅಪಾಯ ಒದ್ದೆ ನೆಲ, ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ಹಿಡಿತ ಇರುವ ಚಪ್ಪಲಿ ಹಾಕಿಸಿ. ಇನ್ನೊಂದು, ಮೊಮ್ಮಗನನ್ನು ನೀರಿನ ಹತ್ತಿರ ಅವರ ಕೈಗೆ ಬಿಟ್ಟು ನೀವಿಬ್ಬರೂ ದೊಡ್ಡ ಸ್ಲೈಡ್‌ಗೆ ಹೋಗುವುದು ಬೇಡ. ಅವನು ಜಾರಿದರೆ ಅವರು ಇಳಿದು ಎತ್ತಬಲ್ಲರಾ?

ಹಾಗಾದರೆ ಹೇಗೆ ಹೋಗುವುದು? ನನ್ನ ಮೊದಲ ಆಯ್ಕೆ, ರಜೆಯ ಹಿಂದಿನ ದಿನ ಯಜಮಾನರು ಕೆಲಸ ಮುಗಿಸಿದ ಕೂಡಲೇ ಹೊರಟು, ಬಿಡದಿ ಅಥವಾ ರಾಮನಗರದಲ್ಲಿ ರಾತ್ರಿ ಉಳಿಯುವುದು. ಪಾರ್ಕ್ ಪಕ್ಕದಲ್ಲೇ ಅವರದೇ ರೆಸಾರ್ಟ್ ಇದೆ, ಖರ್ಚು ಜಾಸ್ತಿ. ಲಾಡ್ಜ್ ಆದರೂ ಸಾಕು. ಬೆಳಿಗ್ಗೆ ನಿದ್ದೆ ಮುಗಿಸಿ ಎದ್ದ ಮಕ್ಕಳು, ತೆರೆಯುವ ಹೊತ್ತಿಗೆ ಗೇಟಿನಲ್ಲಿ. ಮೊದಲು ಒಣ ರೈಡ್, ಮಧ್ಯಾಹ್ನ ನೀರು, ನಾಲ್ಕಕ್ಕೆ ಆಚೆ. ಎಂಟೂವರೆಯೊಳಗೆ ಸಕಲೇಶಪುರ. ಎಲ್ಲ ರೈಡ್ ಮುಗಿಸಲು ಆಗಲ್ಲ. ನಾಲ್ಕೂವರೆ ವರ್ಷದವನಿಗೆ ಹೇಗೂ ಐದು ಗಂಟೆ ಹೊತ್ತು ಆಡಿದ ಮೇಲೆ ಅದು ಖುಷಿ ಅಲ್ಲ, ರಂಪ.

ಉಳಿಯಲು ಆಗುವುದೇ ಇಲ್ಲವೆಂದರೆ ಆರಕ್ಕೆ ಹೊರಡಿ, ಜೊತೆಗೆ ಒಬ್ಬ ಡ್ರೈವರ್ ಕರೆದುಕೊಳ್ಳಿ. ಒಂದು ದಿನದ ಬಾಟಾ ಕೊಡುವುದು ಆಸ್ಪತ್ರೆಗಿಂತ ಅಗ್ಗ. ಹಗಲಿಡೀ ಡ್ರೈವರ್ ಎಲ್ಲಾದರೂ ನಿದ್ದೆ ಮಾಡಲಿ ಅಂತ ಹೇಳುವುದನ್ನು ಮರೆಯಬೇಡಿ. ಚಿಕ್ಕವನನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ಬ್ರೇಕ್ ಹಾಕಿದರೆ ನಿಮ್ಮ ಕೈ ಅವನನ್ನು ಹಿಡಿಯಲಾರದು.

ಮೂರನೆಯದು ಮೈಸೂರು. ಕೆ.ಆರ್.ಎಸ್. ರಸ್ತೆಯ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ನಿಮಗೆ ಹತ್ತಿರ. ಆದರೆ ದಸರಾ ದಿನಗಳಲ್ಲಿ ಮೈಸೂರಿನ ರಶ್ಶು, ಲಾಡ್ಜಿನ ರೇಟು ನಿಮಗೇ ಗೊತ್ತು. ಎಲ್ಲಿಗೆ ಹೋದರೂ ಶನಿವಾರ, ಭಾನುವಾರ, ಆಯುಧಪೂಜೆಯ ಆಸುಪಾಸು ಬಿಟ್ಟು, ಮಂಗಳವಾರವೋ ಬುಧವಾರವೋ ರಜೆ ಕೇಳಲಿ. ಕ್ಯೂ ಕಮ್ಮಿ, ಟಿಕೆಟ್ಟೂ ವಾರಾಂತ್ಯಕ್ಕಿಂತ ಅಗ್ಗ, ಕೆಮ್ಮುವವರೂ ಕಮ್ಮಿ.

ಮೋಡ ಇದ್ದರೂ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ನೀರಿನಲ್ಲಿದ್ದಾಗ ಬೆವರುವುದು ಗೊತ್ತಾಗಲ್ಲ, ಬಾಯಾರಿಕೆಯೂ ಆಗಲ್ಲ. ಮಕ್ಕಳು ಬೆಳಗಿನಿಂದ ಎಷ್ಟು ಸಲ ಮೂತ್ರಕ್ಕೆ ಹೋದರು ಅಂತ ಲೆಕ್ಕ ಇಡಿ. ಮಧ್ಯಾಹ್ನದವರೆಗೆ ಒಂದು ಸಲವೂ ಇಲ್ಲ ಅಂದರೆ ನೆರಳಲ್ಲಿ ಕೂರಿಸಿ ನೀರು, ಓ.ಆರ್.ಎಸ್. ಕುಡಿಸಿ. ಬ್ಯಾಗಿನಲ್ಲಿ ಎರಡು ಓ.ಆರ್.ಎಸ್. ಪೊಟ್ಟಣ, ಪ್ಯಾರಾಸಿಟಮಾಲ್, ಬ್ಯಾಂಡ್‌ಏಡ್, ಒಂದು ಜೊತೆ ಹೆಚ್ಚಿನ ಒಣ ಬಟ್ಟೆ ಇರಲಿ. ದಿನ ಗೊತ್ತು ಮಾಡುವ ಮೊದಲು ಮಾತ್ರ ಆ ಬಲಗಿವಿಯನ್ನು ಒಮ್ಮೆ ತೋರಿಸಿಕೊಂಡು ಬನ್ನಿ.